ಸ್ವಾಮಿ ದಾರಿ, ದೊರೆ ದಾರಿ, ಬಂಡಿ ದಾರಿ

ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವರಿಗೆ ಗುಡ್ಡ ಎಂದರೆ ಬಂಡೆ. ಊರ ನಡುವೆ ಕೋಟೆ ಹೊತ್ತು ಕೂತಿರುವ ಗುಡ್ಡ ಇಡೀ ಒಂದೇ ಕಲ್ಲೇನೋ ಅನಿಸುತ್ತದೆ. ಕುರುಗೋಡಿನಲ್ಲಿ ಯಾರೋ ಪೇರಿಸಿಟ್ಟು ಮರೆತು ಹೋದ ಹಾಗೆ ಬಂಡೆಯ ಮೇಲೆ ಬಂಡೆ. ಸಿರುಗುಪ್ಪದ ಕಡೆ ಹೊರಳಿದರೆ ಗುಡ್ಡದ ಮಾತೇ ಇಲ್ಲ. ತುಂಗಭದ್ರೆಯ ಕಾಲುವೆ ನೀರುಂಡ ಭತ್ತದ ಗದ್ದೆ ಕಣ್ಣು ಹಾಯುವಷ್ಟು ದೂರ. ಇಂಥ ಊರಿನವರು ‘ನಮ್ಮ ಜಿಲ್ಲೆಯಲ್ಲೂ ಹಸಿರು ಕಣಿವೆ ಇದೆ, ಮಳೆ ಹಿಡಿದರೆ ಝರಿ ಬೀಳುತ್ತದೆ, ಬೆಟ್ಟದ ಕಾಲಬುಡದಲ್ಲಿ ಜಲಾಶಯವಿದೆ’ ಎಂದರೆ ಬೆಂಗಳೂರಿನ ನೆಂಟರು ನಗುತ್ತಾರೆ. ಬಿಸಿಲಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೋ ಏನೋ. ತೋರಣಗಲ್ಲು ದಾಟಿ, ಉಕ್ಕಿನ ಕಾರ್ಖಾನೆಯ ಚಿಮಣಿಗಳನ್ನು ಹಿಂದಕ್ಕೆ ಬಿಟ್ಟು ಸಂಡೂರಿಗೆ ಕಾಲಿಟ್ಟ ಮೇಲೆ ಅವರ ನಗು ನಿಲ್ಲುತ್ತದೆ.

ಒಂದು ಭಾದ್ರಪದದ ಬೆಳಿಗ್ಗೆ ನಾವು ನಾಲ್ವರು ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಸ್ವಾಮಿಮಲೆಯ ಕಡೆ ಹೊರಟಿದ್ದೆವು. ದನ ಹೊಡೆದುಕೊಂಡು ಬರುತ್ತಿದ್ದ ಅಜ್ಜ ನಿಂತು ಕೇಳಿದ: ‘ಎಲ್ಲಿಗೆ ಹೊಂಟೀರಪ್ಪ?’

‘ಎಲ್ಲಿಗೂ ಇಲ್ಲಜ್ಜ, ಸುಮ್ನೆ ನಡಿಯಾಕ ಬಂದೀವಿ.’

ಅಜ್ಜ ನಮ್ಮ ಬೂಟು ನೋಡಿದ, ಮುಖ ನೋಡಿದ. ‘ಸುಮ್ನೆ ನಡಿಯಾಕಂತ ಯಾವ ದಾರಿನೂ ಇಲ್ಲಲ್ರಪ್ಪ ಇಲ್ಲಿ. ಇದು ಸ್ವಾಮಿ ದಾರಿ. ಅಕಾ, ಅದು ಬಂಡಿ ದಾರಿ. ರಾಮಗಡಕ್ಕ ಹೋದ್ರ ದೊರಿ ದಾರಿ. ನಾನು ಬಂದಿದ್ದು ದನದ ದಾರಿ.’

ಸಂಡೂರಿನ ಕಾಲುದಾರಿಗಳ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ. ಈಗ ಶನಿವಾರ ಭಾನುವಾರ ಬೆನ್ನಿಗೆ ಚೀಲ ಹಾಕಿಕೊಂಡು ಬರುವವರು ‘ಟ್ರೆಕ್ಕಿಂಗ್ ರೂಟ್’ ಎನ್ನುವುದೆಲ್ಲ ಬೇರೆ ಯಾರೋ, ಬೇರೆ ಯಾವುದೋ ಕೆಲಸಕ್ಕೆ ತುಳಿದು ಮಾಡಿದ್ದು.

ಮೊದಲು ತುಳಿದದ್ದು ಮನುಷ್ಯರೂ ಅಲ್ಲ, ನೀರು. ಸುಮಾರು 270 ಕೋಟಿ ವರ್ಷ ಹಳೆಯ ಶಿಲೆಗಳು ಒತ್ತಡಕ್ಕೆ ಮಡಿಸಿಕೊಂಡು, ಹಾಸಿದ ಕಂಬಳಿಯನ್ನು ಎರಡೂ ಕಡೆಯಿಂದ ನೂಕಿದಾಗ ಏಳುವ ಸುಕ್ಕಿನಂತೆ ನಿಂತದ್ದು ಈ ಬೆಟ್ಟಸಾಲು. ಆಚೆ ಒಂದು ಗೋಡೆ, ಈಚೆ ಒಂದು ಗೋಡೆ, ನಡುವೆ ಸಂಡೂರು. ಈ ಗೋಡೆಗಳನ್ನು ಅಡ್ಡಲಾಗಿ ಕೊರೆದುಕೊಂಡು ಹೋಗಿರುವುದು ನಾರಿಹಳ್ಳ. ಕೊರೆದ ಜಾಗಕ್ಕೆ ನಮ್ಮವರು ‘ಗಂಡಿ’ ಎನ್ನುತ್ತಾರೆ: ಭೀಮಗಂಡಿ, ಓಬಳಗಂಡಿ. ಹಳ್ಳದ ಜೊತೆಗೇ ಎತ್ತು, ಬಂಡಿ, ದಂಡು ಎಲ್ಲ ಗಂಡಿಯಲ್ಲೇ ನುಸುಳಬೇಕು. ಉಳಿದವರು ಬೆಟ್ಟ ಹತ್ತಿ ಇಳಿಯಬೇಕು. ಅದೇ ಹಳ್ಳಕ್ಕೆ ತಾರಾನಗರದ ಹತ್ತಿರ ಅಣೆಕಟ್ಟು ಕಟ್ಟಿದ್ದರಿಂದ ಆದದ್ದು ಇವತ್ತು ಎಲ್ಲರೂ ಫೋಟೊ ತೆಗೆದುಕೊಳ್ಳುವ ಜಲಾಶಯ.

ಸ್ವಾಮಿ ದಾರಿಯ ಸ್ವಾಮಿ ಎಂದರೆ ಕುಮಾರಸ್ವಾಮಿ. ಬೆಟ್ಟದ ಮೇಲಿನ ಕಾಡಿನೊಳಗೆ ಪಾರ್ವತಿಯ ಗುಡಿ, ಮಗನ ಗುಡಿ ಅಕ್ಕಪಕ್ಕ ಇವೆ. ತಾಯಿಯ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಮಗನ ಗುಡಿಗೆ ರಾಷ್ಟ್ರಕೂಟರ ನಂಟು, 10ನೇ ಶತಮಾನದ ಮೂರನೇ ಕೃಷ್ಣನ ಕಾಲದ ಶಾಸನವೂ ಇದೆ. ತಾರಕಾಸುರನನ್ನು ಕೊಂದ ಮಗ ತಾಯಿಯ ಮೇಲೆ ಮುನಿದು, ಕುಡಿದ ಎದೆಹಾಲನ್ನೇ ಕಾರಿಬಿಟ್ಟ, ಆಮೇಲೆ ಹೆಣ್ಣಿನ ಮುಖ ನೋಡೆನೆಂದ ಎಂಬುದು ಇಲ್ಲಿನ ಕತೆ. ಅದಕ್ಕೇ ಹೆಂಗಸರು ಪಾರ್ವತಿಗೆ ಕೈಮುಗಿದು ಮಗನ ಗುಡಿಯ ಹೊರಗೇ ನಿಲ್ಲುವ ರೂಢಿ. ಬೆಟ್ಟವಿಡೀ ಹತ್ತಿ ಬಂದು ಹೊಸ್ತಿಲಲ್ಲಿ ನಿಲ್ಲುವುದು ನನಗಂತೂ ಸರಿ ಕಾಣುವುದಿಲ್ಲ.

ಭಕ್ತರ ದಾರಿ ರಾಜಕೀಯಕ್ಕೂ ಒದಗಿದ್ದಿದೆ. 18ನೇ ಶತಮಾನದಿಂದ ಸಂಡೂರು ಮರಾಠರ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. 1815ರಲ್ಲಿ ಪೇಶ್ವೆ ಎರಡನೇ ಬಾಜಿರಾವ್ ಕುಮಾರಸ್ವಾಮಿಯ ದರ್ಶನಕ್ಕೆಂದು ಹೊರಟು ಬಂದ. ದರ್ಶನ ನೆಪ, ಹಿಂದೆ ದಂಡಿತ್ತು. ಕಣ್ಣಿದ್ದದ್ದು ಸಂಡೂರಿನ ಮೇಲೆ. ಶಿವರಾವ್ ಘೋರ್ಪಡೆ ಗಂಡಿಗಳನ್ನು ತಡೆದ, ದಂಡು ಒಳಗೆ ಬರಲಿಲ್ಲ. ಎರಡು ವರ್ಷದ ಮೇಲೆ ಪೇಶ್ವೆಯ ಒತ್ತಾಯಕ್ಕೆ ಕಂಪನಿಯ ಥಾಮಸ್ ಮನ್ರೋ ಬಂದು ಊರು ಬಿಡಿಸಿಕೊಂಡ. ಮರುವರ್ಷ ಪೇಶ್ವೆಯೇ ಬಿದ್ದ; ಸಂಡೂರು ಮತ್ತೆ ಶಿವರಾವ್ ಕೈಗೆ ಬಂತು. ಇದೇ ಮನೆತನದ ಯಶವಂತರಾವ್ ಘೋರ್ಪಡೆ 1932ರಲ್ಲಿ ಸಂಸ್ಥಾನದ ದೇವಸ್ಥಾನಗಳನ್ನು ಎಲ್ಲ ಜಾತಿಯವರಿಗೂ ತೆರೆದರು, ತಿರುವಾಂಕೂರಿನ ಘೋಷಣೆಗಿಂತ ನಾಲ್ಕು ವರ್ಷ ಮೊದಲು. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದರು. ಸಂಡೂರು ನೋಡುವುದಾದರೆ ಸೆಪ್ಟೆಂಬರ್‌ನಲ್ಲಿ ನೋಡಿ ಎಂದು ಅವರು ಹೇಳಿದ್ದರೆಂದು ಊರವರು ಇವತ್ತಿಗೂ ಹೆಮ್ಮೆಯಿಂದ ನೆನೆಯುತ್ತಾರೆ.

ದೊರೆ ದಾರಿಗೆ ಕಾರಣ ಬಳ್ಳಾರಿಯ ಬಿಸಿಲು. ಮದ್ರಾಸ್ ಪ್ರಾಂತ್ಯದ ದೊಡ್ಡ ದಂಡಿನ ನೆಲೆಗಳಲ್ಲಿ ಬಳ್ಳಾರಿ ಒಂದು. ಬಿಸಿಲಿಗೆ, ಜ್ವರಕ್ಕೆ ನೆಲ ಹಿಡಿದ ಬಿಳಿ ಸಿಪಾಯಿಗಳು ಚೇತರಿಸಿಕೊಳ್ಳಲು ತಂಪು ಜಾಗ ಬೇಕಿತ್ತು. 19ನೇ ಶತಮಾನದ ನಡುವಿನಲ್ಲಿ ಕಂಪನಿಯವರಿಗೆ ಸಿಕ್ಕಿದ್ದು ಮೂರು ಸಾವಿರ ಅಡಿಗೂ ಎತ್ತರದ ರಾಮನದುರ್ಗ. ಅವರ ಬಾಯಲ್ಲಿ ಅದು ‘ರಾಮಂಡ್ರುಗ್’, ನಮ್ಮ ಬಾಯಲ್ಲಿ ರಾಮಗಡ. ಮೇಲೆ ಬಂಗಲೆಗಳು ಎದ್ದವು, ಕುದುರೆ ಏರುವಂತೆ ಓರೆಯಾಗಿ ಕಡಿದ ದಾರಿಗಳಾದವು. ಈ ದಾರಿ ಗುರುತಿಸುವುದು ಸುಲಭ. ದನದ ದಾರಿ ನೇರ ಏರುತ್ತದೆ, ಉಸಿರು ಕಟ್ಟಿಸುತ್ತದೆ. ದೊರೆ ದಾರಿ ಅವಸರವಿಲ್ಲದೆ ಸುತ್ತುತ್ತ ಹೋಗುತ್ತದೆ. ಕಾಯಿಲೆಯವರನ್ನು ಹೊತ್ತವರಿಗಾಗಿ ಮಾಡಿದ್ದು ಎಂಬುದು ಮೊಣಕಾಲಿಗೇ ತಿಳಿಯುತ್ತದೆ. ಬಂಗಲೆಗಳು ಈಗ ಹಾಳು ಗೋಡೆಗಳು.

ಬಂಡಿ ದಾರಿಯ ಮೇಲೆ ಒಂದು ಕಲ್ಲು ಎತ್ತಿ ನೋಡಿ. ಗಾತ್ರಕ್ಕೆ ಮೀರಿದ ಭಾರ. ಒಡೆದ ಮೈ ಉಕ್ಕಿನಂತೆ ಮಿನುಗುತ್ತದೆ, ಆದರೆ ಅಂಗೈಗೆ ಹತ್ತುವುದು ಕುಂಕುಮದಂಥ ಕೆಂಪು. ಅಂಗಿಗೆ ಒರೆಸಿಕೊಂಡರೆ ಮನೆಯಲ್ಲಿ ಬೈಸಿಕೊಳ್ಳುವುದು ಖಂಡಿತ. ಆ ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ. ನನ್ನ ಬಿಳಿ ಸಾಕ್ಸುಗಳೆಲ್ಲ ಸಂಡೂರಿನ ಬಣ್ಣಕ್ಕೆ ತಿರುಗಿ ವರ್ಷಗಳಾದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಬೆಟ್ಟಗಳನ್ನು ಸುತ್ತಿ ಬಳ್ಳಾರಿ ಜಿಲ್ಲೆಯ ಶಿಲೆಗಳ ಕುರಿತ ವರದಿಯನ್ನು 1895ರಲ್ಲಿ ಪ್ರಕಟಿಸಿದ. 20ನೇ ಶತಮಾನದ ಆರಂಭದಲ್ಲಿ ಬೆಲ್ಜಿಯಂನವರ ಕಂಪನಿಯೊಂದು ಮ್ಯಾಂಗನೀಸ್ ಅಗೆಯಲು ಬಂತು. 1954ರಲ್ಲಿ ಘೋರ್ಪಡೆ ಮನೆತನದ ಗಣಿ ಕಂಪನಿ, 1977ರಲ್ಲಿ ದೋಣಿಮಲೆಯಲ್ಲಿ ಎನ್‌ಎಂಡಿಸಿಯ ಕಬ್ಬಿಣದ ಗಣಿ. ಎತ್ತಿನ ಬಂಡಿ ಇಳಿಸುತ್ತಿದ್ದ ಅದಿರನ್ನು ಲಾರಿ ಇಳಿಸತೊಡಗಿತು.

ಆಮೇಲಿನದು ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಚೀನಾಕ್ಕೆ ಅದಿರು ಬೇಕಾದ ಆ ವರ್ಷಗಳಲ್ಲಿ ಮರದ ಎಲೆ ಯಾವ ಬಣ್ಣದ್ದೆಂದು ಮಕ್ಕಳು ಕೇಳುವಂತಿತ್ತು. ಗಣಿಯ ಸ್ಫೋಟಕ್ಕೆ ಕುಮಾರಸ್ವಾಮಿಯ ಗುಡಿ ಅದುರುತ್ತದೆ ಎಂಬ ದೂರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳು ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತ ದಾರಿಗಳಲ್ಲಿ ಹುಲ್ಲು ಎದ್ದಿತು, ಹುಲ್ಲಿಗೆ ದನ ಬಂದವು, ದನದ ಹಿಂದೆ ನಮ್ಮಂಥವರು ಬಂದೆವು. ಗಣಿ ಪೂರ್ತಿ ನಿಂತಿಲ್ಲ. ಕೋರ್ಟು ಹಾಕಿದ ಮಿತಿಯೊಳಗೆ ಮತ್ತೆ ನಡೆದಿದೆ. 2024ರಲ್ಲಿ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಕಾಡನ್ನು ಗಣಿಗೆ ಬಿಟ್ಟುಕೊಡುವ ಪ್ರಶ್ನೆ ಎದ್ದಾಗ ಜನ ಬೀದಿಗಿಳಿದರು.

ಲೆಕ್ಕಕ್ಕೆ ಸಿಗದ ದಾರಿಗಳೂ ಇವೆ. ತಾಂಡಾದ ಹೆಂಗಸರು ಸೌದೆ ಹೊತ್ತು ಇಳಿದದ್ದು, ಸೀತಾಫಲಕ್ಕೆ ಹತ್ತಿದ್ದು. ಅವಕ್ಕೆ ಅಜ್ಜನೂ ಹೆಸರು ಹೇಳಲಿಲ್ಲ.

ನಾವು ಹರಿಶಂಕರಕ್ಕೆ ಹೋದೆವು. ಅಲ್ಲಿ ಬೆಟ್ಟದ ಹೊಟ್ಟೆಯಿಂದ ಬರುವ ತಣ್ಣನೆಯ ನೀರಿಗೆ ಬೊಗಸೆಯೊಡ್ಡಿ ನಿಂತರೆ ಬಳ್ಳಾರಿ ಎಲ್ಲೋ ದೂರದ ಊರು. ಬುತ್ತಿ ಬಿಚ್ಚಿದೆವು. ಮಿರ್ಚಿ ಮೆತ್ತಗಾಗಿತ್ತು, ಯಾರೂ ಬಿಡಲಿಲ್ಲ.

ಇಳಿಯುವಾಗ ನಮ್ಮಲ್ಲೊಬ್ಬ ಮೊಬೈಲ್ ತೆಗೆದು, ಯಾರೋ ನಡೆದು ಮ್ಯಾಪಿಗೆ ಏರಿಸಿದ ಅಡ್ಡದಾರಿ ತೋರಿಸಿದ. ನೋಡಿದರೆ ಹುಲ್ಲಿನ ನಡುವೆ ನಿಜಕ್ಕೂ ಹೊಸ ಜಾಡು ಬಿದ್ದಿದೆ, ನೆಟ್ಟಗೆ ಇಳಿಜಾರಿಗೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಜಾಡಿಗೆ ಅಡ್ಡಲಾಗಿ ಜಾಲಿಮುಳ್ಳು ಹಾಕಿದ್ದು ಕಂಡಿತು. ಅಜ್ಜ ಕೆಳಗಿನ ತಿರುವಿನಲ್ಲಿ ಕೋಲೂರಿ ಕೂತಿದ್ದ.

‘ಮುಳ್ಳು ನಾನೇ ಹಾಕೀನಿ’ ಎಂದ. ‘ಅದು ಫೋನ್ ದಾರಿ. ಹಳ್ಳದ ದಂಡಿಗೆ ಹೋಗಿ ನಿಲ್ತೈತಿ, ಕೆಳಗ ಆಳ. ನಿಮ್ಮ ಹಿಂದ ನನ್ನ ದನಾನೂ ಹೊಕ್ಕಾವು.’