ಬೆಂಗಾಲ್ ಬೆಕ್ಕು: ಅಡವಿಯ ಚುಕ್ಕೆ, ಮನೆಯ ಶೀಲ

ಹೊಂಬಣ್ಣದ ಮೈಯಲ್ಲಿ ಚಿರತೆಯ ಚುಕ್ಕೆಗಳನ್ನು ಧರಿಸಿ, ಈಚೆಗೆ ಬೆಂಗಳೂರಿನಂಥ ನಗರಗಳ ಮನೆಗಳಲ್ಲಿ ಕಾಣಬರುತ್ತಿರುವ ಬೆಂಗಾಲ್ ಬೆಕ್ಕನ್ನು ಕೇವಲ ವಿದೇಶದ ಪ್ರಾಣಿಯೆಂದು ಬಗೆಯುವವರುಂಟು. ಆದರೆ ಅದರ ವಂಶಮೂಲವಾದ ಚಿರತೆಬೆಕ್ಕು ನಮ್ಮ ಮಲೆನಾಡಿನ ಅಡವಿಗಳಲ್ಲಿಯೂ ಕೊಡಗಿನ ಕಾಫಿತೋಟಗಳಲ್ಲಿಯೂ ಇಂದಿಗೂ ಸಂಚರಿಸುತ್ತಿರುವ ಜೀವ.

ಅಮೆರಿಕದ ಜೀನ್ ಮಿಲ್ ಎಂಬಾಕೆ 1963ರಲ್ಲಿ ತಾವು ಸಾಕಿದ್ದ ಹೆಣ್ಣು ಚಿರತೆಬೆಕ್ಕಿಗೆ ಕರಿಯ ಮನೆಬೆಕ್ಕಿನಿಂದ ಮರಿಯನ್ನು ಪಡೆದರಾದರೂ ಆ ಪ್ರಯತ್ನ ಬಹುಕಾಲ ನಿಂತುಹೋಯಿತು. ಮುಂದೆ, ಬೆಕ್ಕುಗಳ ರಕ್ತಕ್ಯಾನ್ಸರಿನ ವೈರಸ್ಸನ್ನು ಚಿರತೆಬೆಕ್ಕು ತಡೆದುಕೊಳ್ಳುವುದೇ ಎಂಬ ಜಿಜ್ಞಾಸೆಯಿಂದ ವಿಜ್ಞಾನಿ ವಿಲ್ಲರ್ಡ್ ಸೆಂಟರ್‌ವಾಲ್ ಬೆಳೆಸಿದ್ದ ಸಂಕರ ಮರಿಗಳು ಆಕೆಯ ಕೈಸೇರಿದಾಗ ಕಾರ್ಯ ಪುನರಾರಂಭವಾಯಿತು. ಇಲ್ಲಿ ಪ್ರಕೃತಿಯದೇ ಒಂದು ತಡೆಯುಂಟು. ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರು 1922ರಲ್ಲಿ ನಿರೂಪಿಸಿದಂತೆ, ಭಿನ್ನ ಜಾತಿಗಳ ಸಂಕರದಲ್ಲಿ ಸಂತಾನಶಕ್ತಿ ಮೊದಲು ಲೋಪವಾಗುವುದು ಎರಡು ಬಗೆಯ ಲಿಂಗವರ್ಣತಂತುಗಳುಳ್ಳ ಲಿಂಗದಲ್ಲಿ. ಬೆಕ್ಕುಗಳಲ್ಲಿ ಅದು ಗಂಡು. ಆದಕಾರಣ ಮೊದಲ ಕೆಲವು ತಲೆಮಾರುಗಳಲ್ಲಿ ವಂಶ ಹೆಣ್ಣುಗಳಿಂದಲೇ ಮುಂದುವರಿಯಬೇಕು, ತಂದೆ ಮನೆಬೆಕ್ಕೇ ಆಗಬೇಕು. ಅಂಥ ತಂದೆಯನ್ನು ಅರಸುತ್ತಿದ್ದ ಜೀನ್ ಅವರಿಗೆ 1982ರಲ್ಲಿ ದೆಹಲಿ ಮೃಗಾಲಯದ ಖಡ್ಗಮೃಗದ ಆವರಣದಲ್ಲಿ, ಯಾರ ಸಾಕಣೆಯೂ ಇಲ್ಲದೆ ಬೆಳೆದ ಚುಕ್ಕೆಯ ಗಂಡುಬೆಕ್ಕೊಂದು ದೊರೆಯಿತು. ಇಂದಿನ ಬೆಂಗಾಲ್ ಬೆಕ್ಕುಗಳ ಮೈಯ ಹೊಳಪು ಬಹುಮಟ್ಟಿಗೆ ಈ ಅನಾಥನ ಬಳುವಳಿಯೆಂಬುದು ನನಗೆ ಅತ್ಯಂತ ಹೃದ್ಯವಾದ ಸಂಗತಿ.

ನಾಲ್ಕನೆಯ ತಲೆಮಾರಿನಿಂದೀಚೆಗೆ ಬೆಂಗಾಲ್ ಮನೆಯ ಬೆಕ್ಕೇ, ಮನುಷ್ಯರಲ್ಲಿ ಸ್ನೇಹವುಳ್ಳದ್ದೇ. ಆದರೂ ಅದರ ಚೈತನ್ಯ ಸಾಮಾನ್ಯವಾದುದಲ್ಲ. ಕಪಾಟಿನ ನೆತ್ತಿಯನ್ನೇರುವುದು, ನಲ್ಲಿಯ ನೀರಿಗೆ ಕೈಯೊಡ್ಡಿ ಆಡುವುದು, ಒಡೆಯರ ಹಿಂದೆ ಕೋಣೆಯಿಂದ ಕೋಣೆಗೆ ಅಲೆಯುವುದು ಇದರ ಶೀಲ. ಹತ್ತಲು ಎತ್ತರದ ಮಣೆಗಳನ್ನೂ ಆಟಕ್ಕೆ ಸಂಗಾತಿಯನ್ನೂ ಕೊಡದೆ ಹಗಲೆಲ್ಲ ಒಂಟಿಯಾಗಿ ಕೂಡಿಹಾಕಿದರೆ ಅದು ಕೂಗಿ, ಕೆರೆದು, ಕಂಡಲ್ಲಿ ಮೂತ್ರ ಚಿಮುಕಿಸಿ ತನ್ನ ಸಂಕಟವನ್ನು ತೋಡಿಕೊಳ್ಳುವುದು. ಆಹಾರದ ವಿಷಯದಲ್ಲಂತೂ ನಿರ್ದಾಕ್ಷಿಣ್ಯವಾಗಿ ಹೇಳಬೇಕು: ಹಾಲು ಅನ್ನ, ಮೊಸರನ್ನಗಳಿಂದ ಬೆಕ್ಕು ಬದುಕದು. ಮಾಂಸದಲ್ಲಿರುವ ಟಾರಿನ್ ಎಂಬ ಸತ್ತ್ವ ಸಾಲದಿದ್ದರೆ ಕಣ್ಣಿನ ಅಕ್ಷಿಪಟ ನಶಿಸುವುದು, ಹೃದಯ ದುರ್ಬಲವಾಗುವುದು. ಮಾಂಸವನ್ನು ಉಣಿಸಲಾಗದ ಮನೆಯವರು ಬೆಕ್ಕನ್ನು ತಾರದಿರುವುದೇ ದಯೆ. ಕೊಳ್ಳುವ ಮುನ್ನ, ದೃಷ್ಟಿನಾಶವನ್ನೂ ರಕ್ತಹೀನತೆಯನ್ನೂ ತರುವ ಆನುವಂಶಿಕ ದೋಷಗಳ ಡಿಎನ್‌ಎ ಪರೀಕ್ಷೆ ತಾಯಿತಂದೆಗಳಿಗೆ ಆಗಿದೆಯೇ ಎಂದು ವಿಚಾರಿಸಬೇಕು. ರೇಬೀಸ್ ಲಸಿಕೆಯನ್ನು ಮರೆಯಲಾಗದು.

ಅಡವಿಯ ಸೊಬಗನ್ನು ಮನೆಯಲ್ಲಿ ಕಾಣಬೇಕೆಂಬ ಹಂಬಲಕ್ಕೆ ಇಷ್ಟೇ ಮೇರೆ; ನಿಜವಾದ ಅಡವಿಯ ಜೀವವನ್ನು ಮನೆಗೆ ತರಲಾಗದು. ಮೈಸೂರು ಸೀಮೆಯ ಚಿಕ್ಕಯ್ಯನಛತ್ರದಿಂದ ತಿರುಮಕೂಡಲಿನವರೆಗಿನ ಬಯಲಿನಲ್ಲಿ ಬತ್ತದ ಗದ್ದೆಯ ಮಗ್ಗುಲಿಗೆ ಕಬ್ಬು ಆಳೆತ್ತರ ಬೆಳೆಯುವುದಷ್ಟೆ. ಅಂಥ ಮರೆಯಲ್ಲಿಯೇ, ಚಿರತೆಬೆಕ್ಕಿಗಿಂತ ಬೇರೆಯಾದ ಕಾಡುಬೆಕ್ಕು ಮರಿಹಾಕಿ, ಇಲಿಹೆಗ್ಗಣಗಳನ್ನು ತಿಂದು ರೈತನಿಗೆ ಉಪಕರಿಸುವುದು. ಕಟಾವಿನ ಕಾಲದಲ್ಲಿ ಮರಿಗಳು ಕಣ್ಣಿಗೆ ಬಿದ್ದಾಗ, ಸಾಕೋಣವೆಂದೋ ಚಿರತೆಮರಿಯೆಂಬ ಭ್ರಮೆಯಿಂದಲೋ ಎತ್ತಿಕೊಂಡು ಬರುವುದು ಸಲ್ಲದು. ಅವನ್ನು ಸೆರೆಹಿಡಿಯುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಮರಿಗಳನ್ನು ಮುಟ್ಟದೆ, ಆ ಭಾಗದ ಕಟಾವನ್ನು ನಿಲ್ಲಿಸಿ, ನಾಯಿಗಳನ್ನು ದೂರವಿಟ್ಟು, ಅರಣ್ಯ ಇಲಾಖೆಗೆ ತಿಳಿಸಬೇಕು. ಗದ್ದಲವಡಗಿದ ಮೇಲೆ ತಾಯಿ ಬಂದು ಅವನ್ನು ಕಚ್ಚಿಕೊಂಡೊಯ್ಯುವ ಸಂಭವವೇ ಹೆಚ್ಚು.