ಅಡುಗೆಯ ಪಾಳಿ ಯಾರದು? ರೆಗ್ಯುಲೇಟರ್ ಯಾರದು?

ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರಿಗೆ ಬಂದು ಒಂದೇ ರೂಮಿನಲ್ಲಿ ನಾಲ್ಕೈದು ಮಂದಿ ಇರುವ ಹೆಣ್ಣುಮಕ್ಕಳು ನಮ್ಮ ಬಳಿ ಹೇಳಿಕೊಳ್ಳುವ ಜಗಳ ಹೆಚ್ಚಾಗಿ ಅಡುಗೆಯದೇ. "ನಿನ್ನೆಯೂ ನಾನೇ ಮಾಡಿದ್ದು, ಇವತ್ತೂ ನಾನೇನಾ?" ಈ ಸಿಟ್ಟಿನಲ್ಲಿ ರೆಗ್ಯುಲೇಟರ್ ಬಂದ್ ಮಾಡುವುದು ಯಾರ ಕೆಲಸವೂ ಆಗದೆ ಉಳಿಯುತ್ತದೆ.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ, ನೀವು ಚಾಪೆ ಹಾಸಿ ಮಲಗುವಲ್ಲೇ ಸೇರಿಕೊಳ್ಳುತ್ತದೆ.

ಆದ್ದರಿಂದ ಪಾಳಿ ಬರೆದು ಗೋಡೆಗೆ ಅಂಟಿಸಿ. ಕೊನೆಗೆ ಒಲೆ ಬಳಸಿದವರೇ ರೆಗ್ಯುಲೇಟರ್ ಬಂದ್ ಮಾಡಲಿ. ಗ್ಯಾಸ್ ಪೈಪಿನಲ್ಲಿ ಬಿರುಕು ಕಂಡರೆ ಕೂಡಲೇ ಬದಲಿಸಿ, ಖರ್ಚು ಎಲ್ಲರೂ ಹಂಚಿಕೊಳ್ಳಿ. ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ, 1906ಕ್ಕೆ ಫೋನ್ ಮಾಡಿ.

ಸಹೋದರಿಯರೇ, ಈ ಭಾನುವಾರ ಎಲ್ಲರೂ ಒಟ್ಟಿಗೆ ಕೂತು ಇಷ್ಟನ್ನು ತೀರ್ಮಾನ ಮಾಡಿಕೊಳ್ಳಿ.