ಸಿನಿಮಾ ಒಂದು, ಸಂಪಾದನೆಯ ದಾರಿ ಹತ್ತು: ಡಿಸ್ನಿ ಹೆಸರು ಕಟ್ಟಿದ ಬಗೆ

1957ರಲ್ಲಿ ಡಿಸ್ನಿ ಕಂಪನಿಯವರು ತಮ್ಮ ಇಡೀ ವ್ಯಾಪಾರವನ್ನು ಒಂದೇ ಹಾಳೆಯ ಮೇಲೆ ಚಿತ್ರವಾಗಿ ಬಿಡಿಸಿಟ್ಟರು. ನಡುಮಧ್ಯೆ ಸಿನಿಮಾ. ಸುತ್ತಲೂ ಟಿವಿ, ಸಂಗೀತ, ಪುಸ್ತಕ, ಕಾಮಿಕ್ಸ್, ಆಟಿಕೆ-ಬಟ್ಟೆ ಮುಂತಾದ ಸರಕು, ಎರಡು ವರ್ಷದ ಹಿಂದಷ್ಟೇ ಬಾಗಿಲು ತೆರೆದಿದ್ದ ಡಿಸ್ನಿಲ್ಯಾಂಡ್. ಒಂದರಿಂದ ಇನ್ನೊಂದಕ್ಕೆ ಬಾಣಗಳು, ಬಾಣಗಳ ಪಕ್ಕದಲ್ಲಿ ಪುಟ್ಟ ಅಕ್ಷರದ ಟಿಪ್ಪಣಿಗಳು. ಟಿವಿ ಸಿನಿಮಾಕ್ಕೆ ಪ್ರಚಾರ ಕೊಡುತ್ತದೆ, ಸಿನಿಮಾ ಸಂಗೀತ ವಿಭಾಗಕ್ಕೆ ಹಾಡು ಒದಗಿಸುತ್ತದೆ, ಪಾರ್ಕು ಸರಕಿಗೆ ಗಿರಾಕಿ ತರುತ್ತದೆ, ಹೀಗೆ. ಮನೆಮಂದಿಯೆಲ್ಲ ಕೂತು ನೋಡುವ ಮನರಂಜನೆಯನ್ನು ಮಾರುವ ಕಂಪನಿ ಹೇಗೆ ಹೆಸರು ಮಾಡುತ್ತದೆ ಎಂದು ತಿಳಿಯಬೇಕಾದರೆ ಈ ಹಾಳೆಗಿಂತ ಒಳ್ಳೆಯ ಪಾಠ ಇನ್ನೊಂದು ನನಗೆ ಕಂಡಿಲ್ಲ. ಜಾಹೀರಾತು ವಿಭಾಗ ಎಂಬ ಪ್ರತ್ಯೇಕ ಪೆಟ್ಟಿಗೆಯನ್ನು ಅಲ್ಲಿ ಹುಡುಕಬೇಕಾಗಿಯೇ ಇಲ್ಲ. ಪ್ರತಿಯೊಂದು ವಿಭಾಗವೂ ಇನ್ನೊಂದರ ಜಾಹೀರಾತು, ಮತ್ತು ಆ ಜಾಹೀರಾತನ್ನು ಜನ ದುಡ್ಡು ಕೊಟ್ಟು ನೋಡುತ್ತಾರೆ.

ಆದರೆ ಬಾಣಗಳೆಲ್ಲ ಓಡಾಡಬೇಕಾದರೆ ನಡುವೆ ಇರುವ ಪಾತ್ರ ಕಂಪನಿಯ ಸ್ವಂತದ್ದಾಗಿರಬೇಕು. ಡಿಸ್ನಿ ಸೋದರರು ಇದನ್ನು ಕಲಿತದ್ದು ಕಳೆದುಕೊಂಡು. ವಾಲ್ಟ್ ಮತ್ತು ರಾಯ್ ಲಾಸ್ ಏಂಜಲೀಸ್‌ನಲ್ಲಿ ಸ್ಟುಡಿಯೊ ಹಾಕಿದ್ದು 1923ರಲ್ಲಿ. 1927ರಲ್ಲಿ ಆಸ್ವಾಲ್ಡ್ ಎಂಬ ಮೊಲದ ಕಾರ್ಟೂನುಗಳನ್ನು ಮಾಡತೊಡಗಿದರು, ಜನ ಮೆಚ್ಚಿದರು. ಮರುವರ್ಷ ಹೆಚ್ಚು ಹಣ ಕೇಳಲು ವಾಲ್ಟ್ ನ್ಯೂಯಾರ್ಕಿಗೆ ಹೋದಾಗ, ವಿತರಕ ಚಾರ್ಲ್ಸ್ ಮಿಂಟ್ಜ್ ಕೊಡುವ ದುಡ್ಡನ್ನೇ ಇಳಿಸುವ ಮಾತಾಡಿದ. ಅಷ್ಟು ಹೊತ್ತಿಗೆ ಸ್ಟುಡಿಯೊದ ಹೆಚ್ಚಿನ ಕಲಾವಿದರನ್ನು ತನ್ನ ಕಡೆ ಸೆಳೆದುಕೊಂಡೂ ಆಗಿತ್ತು. ಮೊಲದ ಹಕ್ಕು ಯೂನಿವರ್ಸಲ್ ಕಂಪನಿಯ ಕೈಯಲ್ಲಿತ್ತು. ಬರೆದವರು ಇವರು, ಒಡೆಯರು ಬೇರೆ. ಜೊತೆ ಬಿಡದೆ ಉಳಿದ ಅಬ್ ಐವರ್ಕ್ಸ್ ಜತೆ ಸೇರಿ ವಾಲ್ಟ್ ಹೊಸ ಪಾತ್ರ ಮಾಡಿದರು. ಮಿಕ್ಕಿ ಮೌಸ್ ಎಂಬ ಆ ಇಲಿ 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲೊನಿ ಥಿಯೇಟರಿನಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ ಮೂಲಕ ಜನರ ಮುಂದೆ ಬಂತು. ಅಲ್ಲಿಂದಾಚೆ ವಿತರಕರಿಗೆ ಸಿಕ್ಕಿದ್ದು ಚಿತ್ರ ಹಂಚುವ ಹಕ್ಕು ಮಾತ್ರ. ಮಿಕ್ಕಿಯ ಹಕ್ಕು ಮನೆಯಲ್ಲೇ ಉಳಿಯಿತು.

ಮಿಕ್ಕಿಯ ರೂಪದಲ್ಲೂ ವ್ಯಾಪಾರಕ್ಕೆ ಒದಗುವ ಗುಣವಿದೆ. ತಲೆ ಒಂದು ವೃತ್ತ, ಕಿವಿಗಳು ಎರಡು ವೃತ್ತ. ಸಾವಿರಾರು ಬಾರಿ ಕೈಯಲ್ಲಿ ಬರೆಯಬೇಕಾದ ಕಲಾವಿದನಿಗೆ ಸುಲಭವಾಗಲಿ ಎಂದು ಹಾಕಿದ ಗೆರೆಗಳಿವು. ಆದರೆ ಅದೇ ಕಾರಣಕ್ಕೆ ಬರೀ ನೆರಳು ಕಂಡರೂ ಇದು ಯಾರೆಂದು ಮೂರು ವರ್ಷದ ಮಗು ಹೇಳುತ್ತದೆ. ನಮ್ಮ ಜಾತ್ರೆಗಳಲ್ಲಿ ಮಾರುವ ಬಲೂನಿಗೆ ಎರಡು ದುಂಡು ಕಿವಿ ಕಟ್ಟಿದರೆ ಸಾಕು, ಹೆಸರು ಬರೆಯುವ ಅಗತ್ಯವಿಲ್ಲ.

ಪಾತ್ರ ಕೈಯಲ್ಲಿದ್ದ ಮೇಲೆ ಅದನ್ನು ಬಾಡಿಗೆಗೆ ಕೊಡುವ ಕೆಲಸ. ಮಕ್ಕಳ ಬರೆಯುವ ಪುಸ್ತಕದ ಮೇಲೆ ಮಿಕ್ಕಿಯ ಚಿತ್ರ ಹಾಕಲು ಒಬ್ಬ ವ್ಯಾಪಾರಿ 300 ಡಾಲರ್ ಕೊಟ್ಟದ್ದು ಇದರ ಆರಂಭ. ವಾಲ್ಟ್‌ಗೆ ಆಗ ಹಣದ ತುರ್ತಿತ್ತು, ಒಪ್ಪಿಕೊಂಡರು. ಇದನ್ನೇ ಅಚ್ಚುಕಟ್ಟಾದ ವ್ಯವಸ್ಥೆ ಮಾಡಿದವನು ಕೇ ಕೇಮನ್. ಕ್ಯಾನ್ಸಸ್ ಸಿಟಿಯ ಜಾಹೀರಾತು ಮನುಷ್ಯ; 1932ರಲ್ಲಿ ಡಿಸ್ನಿಯ ಸರಕಿನ ಹೊಣೆ ಹೊತ್ತ. ಕಳಪೆ ಮಾಲು ಮಾಡುವವರ ಒಪ್ಪಂದಗಳನ್ನು ಕೈಬಿಟ್ಟು, ಹೆಸರಿರುವ ಕಾರ್ಖಾನೆಗಳ ಬೆನ್ನು ಹತ್ತಿದ, ಅಂಗಡಿಯವರಿಗೆ ಕೊಡಲು ಕ್ಯಾಟಲಾಗ್ ಅಚ್ಚು ಹಾಕಿಸಿದ. 1933ರಲ್ಲಿ ಇಂಗರ್‌ಸಾಲ್ ಕಂಪನಿಯ ಮಿಕ್ಕಿ ಗಡಿಯಾರ ಬಂತು. ಹಳದಿ ಕೈಗವಸು ತೊಟ್ಟ ಮಿಕ್ಕಿಯ ಎರಡು ತೋಳುಗಳೇ ಗಂಟೆ ಮುಳ್ಳು, ನಿಮಿಷದ ಮುಳ್ಳು. ಮುಖದ ಮೇಲೆ ಚಿತ್ರ ಅಂಟಿಸಿ ಮಾರಿದ ಸರಕಲ್ಲ ಇದು, ಪಾತ್ರವೇ ಗಡಿಯಾರದ ಕೆಲಸ ಮಾಡುತ್ತಿತ್ತು. ಮಹಾ ಕುಸಿತದ ಆ ದಿನಗಳಲ್ಲಿ ಮುಳುಗುವ ಹಂತದಲ್ಲಿದ್ದ ಗಡಿಯಾರ ಕಂಪನಿ ಇದರಿಂದ ಚೇತರಿಸಿಕೊಂಡಿತು. ಮರುವರ್ಷ ಆಟಿಕೆ ರೈಲು ಮಾಡುವ ಲಯೊನೆಲ್ ಕಂಪನಿ, ಅದೂ ಸಾಲದಲ್ಲಿ ಸಿಕ್ಕಿಬಿದ್ದಿತ್ತು, ಮಿಕ್ಕಿ ಮತ್ತು ಮಿನ್ನಿ ಸೇರಿ ತಳ್ಳುವ ಕೀಲಿಗಾಡಿಯನ್ನು ಒಂದು ಡಾಲರಿಗೆ ಮಾರಿತು. ಎರಡೂವರೆ ಲಕ್ಷದಷ್ಟು ಖರ್ಚಾದವು.

ಈ ಲೈಸೆನ್ಸ್ ವ್ಯವಹಾರದ ಲೆಕ್ಕ ಇಂದಿಗೂ ಹೆಚ್ಚೂಕಡಿಮೆ ಹಾಗೇ ಇದೆ. ಅಚ್ಚು, ಪ್ಲಾಸ್ಟಿಕ್ಕು, ಗೋದಾಮು, ಮಾರದೆ ಉಳಿದ ಮಾಲು, ಎಲ್ಲ ತಯಾರಕನ ತಲೆಮೇಲೆ. ಪಾತ್ರದ ಒಡೆಯನಿಗೆ ಮಾರಾಟದ ಮೇಲೆ ಶೇಕಡಾವಾರು ರಾಯಲ್ಟಿ. ಮಾಲು ಹೋಗಲಿ ಬಿಡಲಿ, ಇಷ್ಟಾದರೂ ಕೊಡುತ್ತೇನೆಂಬ ಕನಿಷ್ಠ ಮೊತ್ತವನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳುತ್ತಾರೆ. ಜತೆಗೆ ಸ್ಟೈಲ್ ಗೈಡ್ ಎಂಬ ದಪ್ಪ ಕೈಪಿಡಿ: ಪಾತ್ರದ ಬಣ್ಣ ಯಾವುದು, ಕೈಯನ್ನು ಹೇಗೆ ಎತ್ತಬಹುದು, ಯಾವ ಭಂಗಿ ಕೂಡದು. ಮಾದರಿಯನ್ನು ಕಳಿಸಿ ಒಪ್ಪಿಗೆ ಪಡೆಯದೆ ಒಂದು ಚೀಲವೂ ಅಂಗಡಿಗೆ ಹೋಗುವಂತಿಲ್ಲ. ಅಂಗಡಿಯಲ್ಲಿ ಚಿತ್ರವಿಲ್ಲದ ಚೀಲಕ್ಕಿಂತ ಡಿಸ್ನಿ ಪಾತ್ರವಾದ ಎಲ್ಸಾಳ ಚೀಲಕ್ಕೆ ಹೆಚ್ಚು ಬೆಲೆ ಇರುವುದರ ಹಿಂದೆ ಈ ರಾಯಲ್ಟಿ ಇದೆ.

ಮುಂದಿನ ಹೆಜ್ಜೆಯೇ ನನಗೆ ಎಲ್ಲಕ್ಕಿಂತ ಜಾಣತನದ್ದು ಎನಿಸುವುದು. ಐವತ್ತರ ದಶಕದ ಆರಂಭದಲ್ಲಿ ಅಮೆರಿಕದ ಸಿನಿಮಾ ಸ್ಟುಡಿಯೊಗಳು ಟಿವಿಯನ್ನು ಶತ್ರುವಿನಂತೆ ಕಾಣುತ್ತಿದ್ದವು. ವಾಲ್ಟ್‌ಗೆ ಪಾರ್ಕು ಕಟ್ಟಲು ದುಡ್ಡು ಬೇಕಿತ್ತು, ಬ್ಯಾಂಕುಗಳು ಕೊಡಲು ಹಿಂದೇಟು ಹಾಕಿದವು. ಎಬಿಸಿ ಆಗ ಟಿವಿ ಜಾಲಗಳಲ್ಲಿ ಹಿಂದೆ ಬಿದ್ದಿದ್ದ ಸಂಸ್ಥೆ, ಅದಕ್ಕೆ ಜನ ನೋಡುವಂಥ ಕಾರ್ಯಕ್ರಮ ಬೇಕಿತ್ತು. ಎಬಿಸಿ ಐದು ಲಕ್ಷ ಡಾಲರ್ ಬಂಡವಾಳ ಹಾಕಿ, ಲಕ್ಷಾಂತರ ಡಾಲರಿನ ಸಾಲಕ್ಕೆ ಜಾಮೀನು ನಿಂತು, ಪಾರ್ಕಿನ ಮೂರನೇ ಒಂದು ಭಾಗದಷ್ಟು ಪಾಲು ಪಡೆಯಿತು. ಬದಲಿಗೆ ಡಿಸ್ನಿ ವಾರವಾರ ಒಂದು ಕಾರ್ಯಕ್ರಮ ಮಾಡಿಕೊಡಬೇಕು. 1954ರ ಅಕ್ಟೋಬರ್ 27ರಂದು ಶುರುವಾದ ಆ ಕಾರ್ಯಕ್ರಮದ ಹೆಸರೇ ‘ಡಿಸ್ನಿಲ್ಯಾಂಡ್’. ಪಾರ್ಕು ತೆರೆಯಲು ಇನ್ನೂ ಒಂಬತ್ತು ತಿಂಗಳಿದೆ, ಅಷ್ಟರಲ್ಲಿ ದೇಶದ ಮಕ್ಕಳಿಗೆಲ್ಲ ಹೆಸರು ಬಾಯಿಪಾಠ. ವಾಲ್ಟ್ ತಾವೇ ಪರದೆಯ ಮೇಲೆ ಕೂತು ಮನೆಯ ಹಿರಿಯರ ಧಾಟಿಯಲ್ಲಿ ಏನೇನು ಕಟ್ಟುತ್ತಿದ್ದೇವೆ ಎಂದು ಹೇಳುತ್ತಿದ್ದರು. ಇದೇ ಕಾರ್ಯಕ್ರಮದಲ್ಲಿ ಬಂದ ಡೇವಿ ಕ್ರಾಕೆಟ್ ಎಂಬ ಸಾಹಸಿಯ ಕಥೆಯಿಂದ ರಕೂನ್ ಬಾಲದ ಟೋಪಿಯ ಹುಚ್ಚು ಹಿಡಿದು ಹುಡುಗರೆಲ್ಲ ತಲೆಗೆ ಬಾಲ ಇಳಿಬಿಟ್ಟುಕೊಂಡು ಓಡಾಡಿದರು.

1955ರ ಜುಲೈ 17ರಂದು ಅನಾಹೈಮ್‌ನಲ್ಲಿ ಪಾರ್ಕಿನ ಉದ್ಘಾಟನೆ ಟಿವಿಯಲ್ಲಿ ನೇರ ಪ್ರಸಾರವಾಯಿತು. ನಿರೂಪಕರಲ್ಲಿ ಒಬ್ಬರು ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಆ ದಿನ ನಿಜಕ್ಕೂ ಗೋಳು. ಖೋಟಾ ಟಿಕೆಟ್ ಹಿಡಿದು ಜನ ನುಗ್ಗಿದರು, ಹೊಸ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಯಿತು, ಕುಡಿಯುವ ನೀರು ಸಾಲಲಿಲ್ಲ. ಆದರೂ ಏಳೇ ವಾರಗಳಲ್ಲಿ ಹತ್ತು ಲಕ್ಷ ಜನ ಬಂದರು. ಟಿವಿ ಅಷ್ಟು ತಿಂಗಳು ಬಿತ್ತಿದ್ದ ಆಸೆ ಒಂದು ದಿನದ ಅಧ್ವಾನಕ್ಕೆ ಬಗ್ಗಲಿಲ್ಲ.

ಜನ ಮತ್ತೆ ಮತ್ತೆ ಬರುವಂತೆ ಮಾಡಿದ್ದು ಪಾರ್ಕಿನ ಒಳಗಿನ ಶಿಸ್ತು. ಆ ಕಾಲದ ಅಮೆರಿಕದ ಮೋಜಿನ ಪಾರ್ಕುಗಳು ಕಸ, ಬೈಗುಳ, ಮೋಸದ ಆಟಗಳಿಗೆ ಹೆಸರಾಗಿದ್ದವು. ಮಕ್ಕಳನ್ನು ಕರೆದುಕೊಂಡು ಹೋದ ತಂದೆ ಬೆಂಚಿನ ಮೇಲೆ ಬೇಸರದಿಂದ ಕೂರಬೇಕು. ದೊಡ್ಡವರೂ ಮಕ್ಕಳೂ ಒಟ್ಟಿಗೆ ಖುಷಿಪಡುವ ಜಾಗ ಬೇಕೆಂಬುದೇ ವಾಲ್ಟ್ ಹೇಳುತ್ತಿದ್ದ ಕಾರಣ. ಮೇನ್ ಸ್ಟ್ರೀಟಿನ ಕಟ್ಟಡಗಳ ಮೇಲಿನ ಅಂತಸ್ತುಗಳನ್ನು ಅಳತೆ ತಗ್ಗಿಸಿ ಕಟ್ಟಿದ್ದಾರೆ. ಬೀದಿ ಇರುವುದಕ್ಕಿಂತ ಎತ್ತರವಾಗಿ, ಆದರೂ ಹತ್ತಿರವಾಗಿ ಕಾಣುತ್ತದೆ. ಪಾರ್ಕಿನ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿರುವುದರಿಂದ ಒಳಗೆ ನಿಂತವರಿಗೆ ಹೊರಗಿನ ಊರು ಕಾಣುವುದಿಲ್ಲ. ಕೆಲಸಗಾರರಿಗೆ ಕಲಿಸುವ ಆದ್ಯತೆಗಳ ಸರದಿ ಹೀಗಿತ್ತು: ಮೊದಲು ಸುರಕ್ಷತೆ, ಆಮೇಲೆ ಸೌಜನ್ಯ, ಆಮೇಲೆ ಪ್ರದರ್ಶನ, ಕೊನೆಗೆ ಕೆಲಸದ ಚುರುಕು. ಚುರುಕನ್ನು ಕೊನೆಗಿಟ್ಟ ಕಂಪನಿಗಳು ಅಪರೂಪ. ಸಾಲು ಉದ್ದವಾದರೂ ಚಿಂತೆಯಿಲ್ಲ, ಅಳುವ ಮಗುವಿನ ಮುಂದೆ ಮಂಡಿಯೂರಿ ಮಾತಾಡಬೇಕು ಎಂಬುದನ್ನು ನಿಯಮ ಮಾಡಿದರೆ ತಾಯಿಯ ಮನಸ್ಸಿನಲ್ಲಿ ಉಳಿಯುವ ಹೆಸರಿಗೆ ಯಾವ ಪೋಸ್ಟರೂ ಸಾಟಿಯಲ್ಲ. 2024ರ ಹಣಕಾಸು ವರ್ಷದಲ್ಲೂ ಡಿಸ್ನಿಯ ವಿಭಾಗಗಳ ಒಟ್ಟು ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಪಾರ್ಕು, ವಿಹಾರದ ಹಡಗು, ಸರಕುಗಳ ವಿಭಾಗದಿಂದ.

ಹಾಗಾದರೆ ಇಲ್ಲಿ ಮಾರಾಟವಾಗುವುದು ತಂದೆ-ತಾಯಿಯ ನಿಶ್ಚಿಂತೆ. ಡಿಸ್ನಿ ಎಂದು ಬರೆದಿದ್ದರೆ ಮಗುವನ್ನು ಎದುರು ಕೂರಿಸಿ ಒಳಗೆ ಒಗ್ಗರಣೆ ಹಾಕಲು ಹೋಗಬಹುದು ಎಂಬ ನಂಬಿಕೆ. ಇದನ್ನು ಕಂಪನಿ ಎಷ್ಟು ಜೋಪಾನ ಮಾಡಿತೆಂದರೆ, ದೊಡ್ಡವರ ಚಿತ್ರಗಳನ್ನು ಮಾಡಬೇಕೆನಿಸಿದಾಗ 1984ರಲ್ಲಿ ಟಚ್‌ಸ್ಟೋನ್ ಎಂಬ ಬೇರೆ ಹೆಸರನ್ನೇ ಹುಟ್ಟುಹಾಕಿತು. 1993ರ ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್ಮಸ್’ ಮಕ್ಕಳಿಗೆ ಹೆದರಿಕೆ ತರಬಹುದೆಂದು ಆ ಹೆಸರಿನಲ್ಲೇ ಬಿಡುಗಡೆಯಾಯಿತು. ಜನ ಪ್ರೀತಿಯಿಂದ ಸ್ವೀಕರಿಸಿದ ಮೇಲೆ ಮುಂದೆ ಡಿಸ್ನಿಯ ಹೆಸರು ಅದರ ಮೇಲೆ ಬಂತು.

ಹಳೆಯ ಚಿತ್ರಗಳ ವಿಷಯದಲ್ಲೂ ಲೆಕ್ಕಾಚಾರವಿತ್ತು. 1937ರ ‘ಸ್ನೋ ವೈಟ್’ ಅನ್ನು 1944ರಲ್ಲಿ, 1952ರಲ್ಲಿ, 1958ರಲ್ಲಿ, ಮತ್ತೆ 1967ರಲ್ಲಿ ಹೀಗೆ ಆರರಿಂದ ಒಂಬತ್ತು ವರ್ಷಕ್ಕೊಮ್ಮೆ ಚಿತ್ರಮಂದಿರಕ್ಕೆ ತಂದರು. ಅಷ್ಟರಲ್ಲಿ ಹೊಸ ಪೀಳಿಗೆಯ ಮಕ್ಕಳು ಬೆಳೆದಿರುತ್ತಾರೆ, ಹಿಂದೆ ನೋಡಿದವರು ತಂದೆ-ತಾಯಿಯಾಗಿರುತ್ತಾರೆ. ವಿಡಿಯೊ ಕ್ಯಾಸೆಟ್ಟು ಬಂದ ಮೇಲೂ ಸ್ವಲ್ಪ ಕಾಲ ಮಾರಿ ಮತ್ತೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. 2019ರಲ್ಲಿ ಡಿಸ್ನಿ ಪ್ಲಸ್ ಸ್ಟ್ರೀಮಿಂಗ್ ಸೇವೆ ಶುರುವಾದಾಗ ಆ ಕಪಾಟು ಸದಾ ತೆರೆದಿಡಬೇಕಾಯಿತು, ಕಾಯಿಸಿ ಮಾರುವ ತಂತ್ರ ಅಲ್ಲಿಗೆ ಮುಗಿಯಿತು.

ಹೊಸ ಕಥೆಯಿಲ್ಲದೆ ಹೊಸ ಸರಕು ಹುಟ್ಟಿಸಿದ ಪ್ರಸಂಗವೂ ಇದೆ. ನೈಕಿ ಕಂಪನಿಯಿಂದ ಡಿಸ್ನಿಯ ಸರಕು ವಿಭಾಗಕ್ಕೆ ಬಂದ ಆಂಡಿ ಮೂನಿ ಫೀನಿಕ್ಸ್‌ನಲ್ಲಿ ಡಿಸ್ನಿಯ ಮಂಜಿನ ಪ್ರದರ್ಶನಕ್ಕೆ ಹೋದಾಗ, ಸಾಲಿನಲ್ಲಿ ನಿಂತ ಪುಟ್ಟ ಹುಡುಗಿಯರು ತಲೆಯಿಂದ ಕಾಲಿನವರೆಗೆ ರಾಜಕುಮಾರಿ ವೇಷದಲ್ಲಿದ್ದರು. ಆ ಬಟ್ಟೆ ಯಾವುದೂ ಡಿಸ್ನಿಯದ್ದಲ್ಲ. ಬೇರೆ ಬೇರೆ ಚಿತ್ರಗಳ ಸಿಂಡ್ರೆಲಾ, ಏರಿಯಲ್, ಜಾಸ್ಮಿನ್ ಎಲ್ಲರನ್ನೂ ‘ಡಿಸ್ನಿ ಪ್ರಿನ್ಸೆಸ್’ ಎಂಬ ಒಂದೇ ಹೆಸರಿನಡಿ ತಂದರು. ಕಥೆಯಿಂದ ಪಾತ್ರವನ್ನು ಕಿತ್ತು ಬೇರೆಯವರ ಪಕ್ಕ ನಿಲ್ಲಿಸುವುದಕ್ಕೆ ಕಂಪನಿಯೊಳಗೇ ವಿರೋಧವಿತ್ತು. ಒಂದು ರಾಜಿ ಮಾಡಿಕೊಂಡರು: ಒಂದೇ ಚಿತ್ರದಲ್ಲಿ ಎಷ್ಟೇ ಜನ ನಿಂತಿದ್ದರೂ ಯಾವ ರಾಜಕುಮಾರಿಯೂ ಇನ್ನೊಬ್ಬಳ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಪ್ರಿನ್ಸೆಸ್ ಸರಕಿನ ಹಳೆಯ ಲಂಚ್ ಬಾಕ್ಸ್ ಮನೆಯಲ್ಲಿದ್ದರೆ ತೆಗೆದು ನೋಡಿ, ಒಬ್ಬೊಬ್ಬಳದೂ ಒಂದೊಂದು ದಿಕ್ಕಿಗೆ ನೋಟ. ಐದಾರು ವರ್ಷಗಳಲ್ಲಿ ಇದರ ಮಾರಾಟ 30 ಕೋಟಿ ಡಾಲರಿನಿಂದ 300 ಕೋಟಿಗೆ ಏರಿತು. ಮಾರಾಟದ ದೃಷ್ಟಿಯಿಂದ ಇದು ಅಸಾಧಾರಣ ಕೆಲಸ. ಆದರೆ ಮೂರು ವರ್ಷದ ಹುಡುಗಿಗೆ ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಶ್ಶು, ಹೊದಿಕೆ ಎಲ್ಲದರಲ್ಲೂ ಒಂದೇ ಬಗೆಯ ಚೆಲುವನ್ನು ಎದುರಿಗಿಡುವುದು ನನಗೆ ಸರಿಕಾಣುವುದಿಲ್ಲ. ಇಲ್ಲಿ ಕಂಪನಿ ಮಗುವಿನ ಹಟವನ್ನು ನಂಬಿ ವ್ಯಾಪಾರ ಮಾಡಿತು.

ಪಾತ್ರಗಳಿಗೆ ಹಾಕಿದ ಕಾವಲಿನ ಕಥೆ ಇನ್ನೂ ಕಟುವಾದದ್ದು. 1989ರಲ್ಲಿ ಫ್ಲಾರಿಡಾದ ಹ್ಯಾಲಂಡೇಲ್ ಎಂಬಲ್ಲಿ ಮೂರು ಶಿಶುವಿಹಾರಗಳು ಗೋಡೆಯ ಮೇಲೆ ಮಿಕ್ಕಿ, ಡೊನಾಲ್ಡ್, ಗೂಫಿಯರನ್ನು ಬರೆಸಿದ್ದವು. ಅಳಿಸದಿದ್ದರೆ ಕೋರ್ಟಿಗೆ ಹೋಗುತ್ತೇವೆಂದು ಡಿಸ್ನಿ ಹೇಳಿತು. ಯೂನಿವರ್ಸಲ್ ಮತ್ತು ಹಾನಾ-ಬಾರ್ಬೆರಾ ಕಂಪನಿಗಳು ಆ ಗೋಡೆಗಳಿಗೆ ತಮ್ಮ ಫ್ಲಿಂಟ್‌ಸ್ಟೋನ್ಸ್, ಸ್ಕೂಬಿ-ಡೂ ಪಾತ್ರಗಳನ್ನು ಬಿಟ್ಟಿಯಾಗಿ ಕೊಟ್ಟು ಒಳ್ಳೆಯ ಹೆಸರು ಪಡೆದವು. ಬಿಟ್ಟುಕೊಟ್ಟರೆ ಟ್ರೇಡ್‌ಮಾರ್ಕ್ ದುರ್ಬಲವಾಗುತ್ತದೆ ಎಂಬ ವಕೀಲರ ವಾದ ಸುಳ್ಳಲ್ಲ. ಅದೇ ಶಿಶುವಿಹಾರಗಳಿಗೆ ಒಂದು ಡಾಲರಿನ ಲೈಸೆನ್ಸ್ ಬರೆದುಕೊಡಲೂ ಬಹುದಿತ್ತು. 2024ರ ಜನವರಿ 1ರಿಂದ ‘ಸ್ಟೀಮ್‌ಬೋಟ್ ವಿಲ್ಲಿ’ಯ ಆ ಮೊದಲ ಮಿಕ್ಕಿ ಅಮೆರಿಕದಲ್ಲಿ ಸಾರ್ವಜನಿಕರ ಸ್ವತ್ತು. ಕಾಪಿರೈಟ್ ತೀರಿದರೂ ಟ್ರೇಡ್‌ಮಾರ್ಕ್ ಉಳಿದಿದೆ. ಇದು ಡಿಸ್ನಿಯದೇ ಸರಕು ಎಂಬ ಭ್ರಮೆ ಹುಟ್ಟಿಸುವಂತೆ ಯಾರೂ ಬಳಸುವಂತಿಲ್ಲ.

ಭಾರತದಲ್ಲಿ ಪಾರ್ಕಿಲ್ಲದ ಕಾರಣ ಡಿಸ್ನಿಯವರು ಟಿವಿಯ ದಾರಿ ಹಿಡಿದರು. ತೊಂಬತ್ತರ ದಶಕದ ಭಾನುವಾರಗಳಲ್ಲಿ ದೂರದರ್ಶನದ ‘ಡಕ್‌ಟೇಲ್ಸ್’, 2004ರಲ್ಲಿ ಡಿಸ್ನಿ ಚಾನೆಲ್, 2019ರಲ್ಲಿ ಸ್ಟಾರ್ ಇಂಡಿಯಾ ಸಮೇತ ಫಾಕ್ಸ್‌ನ ಖರೀದಿ. ಹಾಗಾಗಿ ನಮ್ಮ ಸ್ಟಾರ್ ಸುವರ್ಣ ಕೆಲವು ವರ್ಷ ಡಿಸ್ನಿಯ ಮನೆಯ ಚಾನೆಲ್ಲಾಗಿತ್ತು. 2024ರ ನವೆಂಬರಿನಲ್ಲಿ ಸ್ಟಾರ್ ಇಂಡಿಯಾ ರಿಲಯನ್ಸ್‌ನ ಮಾಧ್ಯಮ ಕಂಪನಿಯ ಜತೆ ವಿಲೀನವಾಗಿ ಜಿಯೊಸ್ಟಾರ್ ಆಯಿತು, ಅಲ್ಲಿ ಡಿಸ್ನಿಗೆ ಉಳಿದದ್ದು ಅರ್ಧಕ್ಕಿಂತ ಕಡಿಮೆ ಪಾಲು. ಹೈದರಾಬಾದಿನ ಗ್ರೀನ್ ಗೋಲ್ಡ್ 2008ರಲ್ಲಿ ಪೋಗೊ ಚಾನೆಲ್ಲಿಗೆ ತಂದ ‘ಛೋಟಾ ಭೀಮ್’ ಕೂಡ ಚೀಲ, ಆಟಿಕೆ, ಸ್ವಂತ ಅಂಗಡಿಗಳ ಇದೇ ಜಾಡಿನಲ್ಲಿ ಬೆಳೆದದ್ದು.

ಕನ್ನಡದಲ್ಲಿ ಮಕ್ಕಳ ಕಥೆಯ ಯೂಟ್ಯೂಬ್ ಚಾನೆಲ್ಲನ್ನೋ ಅನಿಮೇಷನ್ ಪಾತ್ರವನ್ನೋ ಕಟ್ಟುತ್ತಿರುವವರು ಈಗಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸಗಳಿವೆ. ಪಾತ್ರದ ಹೆಸರು ಮತ್ತು ರೂಪವನ್ನು ಟ್ರೇಡ್‌ಮಾರ್ಕ್ ಮಾಡಿಸಿ. ಮನರಂಜನೆಗೆ 41ನೇ ವರ್ಗ, ಆಟಿಕೆಗೆ 28, ಬಟ್ಟೆಗೆ 25, ಪುಸ್ತಕ ಮತ್ತು ಬರೆಯುವ ಸಾಮಾನಿಗೆ 16. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯಿಲ್ಲ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದ ಚಿತ್ರದ ಕಾಪಿರೈಟ್, ಬೇರೆ ಒಪ್ಪಂದವಿಲ್ಲದಿದ್ದರೆ, ಸಂಸ್ಥೆಯದ್ದು. ಹೊರಗಿನ ಕಲಾವಿದರಿಂದ ಬರೆಸಿದ್ದರೆ ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ, ಸಹಿಯೊಂದಿಗೇ ಇರಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ನಮ್ಮ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ ಅದು ಐದೇ ವರ್ಷಕ್ಕೆ ಸೀಮಿತ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಚಿತ್ರ ಬರೆಯುವವರು ಕೂಡ ಸಹಿ ಹಾಕುವ ಮುನ್ನ ಈ ಎರಡು ಸಾಲುಗಳನ್ನು ಹುಡುಕಿ ಓದುವುದು ಒಳ್ಳೆಯದು.